ಹಾಸನದಲ್ಲಿ ಒಳ್ಳೆ ಎಣ್ಣೆ ಮಸಾಜ್ ಎಲ್ಲಿ ಮಾಡ್ತಾರೆ? ಸಹಾಯ ಬೇಕು

ನಮಸ್ಕಾರ. ಮುಂದಿನ ವಾರ ಅಕ್ಕ ಬೆಂಗಳೂರಿನಿಂದ ಬರುತ್ತಿದ್ದಾಳೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಅವಳ ಕುತ್ತಿಗೆ, ಭುಜ ಕಲ್ಲಾಗಿದೆ, ನಿದ್ದೆಯೂ ಸರಿಯಿಲ್ಲ. ಒಂದು ದಿನವಾದರೂ ಫೋನ್ ಪಕ್ಕಕ್ಕಿಟ್ಟು ಹಾಯಾಗಿರಲಿ ಅಂತ ನನ್ನಾಸೆ. ಬಿಸಿ ಎಳ್ಳೆಣ್ಣೆ ಹಚ್ಚಿ ನಿಧಾನವಾಗಿ ತಿಕ್ಕಿ, ಆಮೇಲೆ ಹಬೆ ಕೊಟ್ಟು, ಸ್ವಲ್ಪ ಹೊತ್ತು ಸುಮ್ನೆ ಮಲಗಲು ಬಿಡುವಂಥ ಜಾಗ ಬೇಕು. ಹೆಂಗಸರಿಗೆ ಹೆಂಗಸರೇ ಮಾಡಬೇಕು, ಇದು ಮುಖ್ಯ.

ತಣ್ಣೀರುಹಳ್ಳದ ಎಸ್‌ಡಿಎಂ ಆಯುರ್ವೇದ ಆಸ್ಪತ್ರೆಯಲ್ಲಿ ಪಂಚಕರ್ಮ ಚಿಕಿತ್ಸೆ ಇದೆ, ಆದರೆ ಬರೀ ಅಭ್ಯಂಗಕ್ಕೆ (ಎಣ್ಣೆ ಮಸಾಜ್‌ಗೆ) ಅಂತ ಒಂದೇ ದಿನ ಹೋಗಬಹುದಾ? ಚಿಕ್ಕಮಗಳೂರು ಕಡೆಯ ರೆಸಾರ್ಟ್‌ಗಳಲ್ಲಿ ರೂಮ್ ಮಾಡದೆ ಮಸಾಜ್‌ಗೆ ಮಾತ್ರ ಬಿಡುತ್ತಾರಾ? ಅಕ್ಕ ಬಿಪಿ ಮಾತ್ರೆ ತಗೊಳ್ಳುತ್ತಾಳೆ, ಹಬೆಗೆ ಮುಂಚೆ ಅದನ್ನೆಲ್ಲ ಕೇಳುವವರಾದರೆ ನನಗೆ ಧೈರ್ಯ. ಹೋಗಿ ಬಂದವರು, ಅದರಲ್ಲೂ ಹೆಂಗಸರು, ರೇಟು ಎಷ್ಟಾಯಿತು, ಟವೆಲ್ ಹಾಸಿಗೆ ಚೊಕ್ಕವಾಗಿತ್ತಾ, ದಯವಿಟ್ಟು ತಿಳಿಸಿ.