ನೀರಿನ ಬಿಲ್ ಜೊತೆ ರೋಡ್ ಫೀ ಹಾಕ್ತಾರಂತೆ, ಕಟ್ಟಿದ ಅನುಭವ ಇರೋರು ಹೇಳ್ತೀರಾ?

ಎಲ್ಲರಿಗೂ ನಮಸ್ಕಾರ. ನಾವಿರೋದು ಅಮೆರಿಕದ ಒರೆಗಾನ್‌ನ ಒಂದು ಸಣ್ಣ ಊರಲ್ಲಿ. ಇಲ್ಲಿ ಸಿಟಿಯವರು ರಸ್ತೆ ರಿಪೇರಿಗೆ ಅಂತ ತಿಂಗಳ ನೀರಿನ ಬಿಲ್‌ಗೆ ಒಂದು ಫೀ ಸೇರಿಸೋಕೆ ಹೊರಟಿದ್ದಾರೆ. ಮನೆಗೂ ಬರತ್ತೆ, ನಮ್ಮ ಚಿಕ್ಕ ಇಂಡಿಯನ್ ಗ್ರೋಸರಿ ಅಂಗಡಿಗೂ ಬರತ್ತೆ. ಪ್ರಾಪರ್ಟಿ ಟ್ಯಾಕ್ಸ್ ಕಟ್ತಾ ಇದೀವಿ, ಕಾರಿಗೆ ಗ್ಯಾಸ್, ಅಂದ್ರೆ ಪೆಟ್ರೋಲ್, ಹಾಕಿಸಿದಾಗಲೆಲ್ಲ ಗ್ಯಾಸ್ ಟ್ಯಾಕ್ಸ್ ಕಟ್ತಾ ಇದೀವಿ, ಮತ್ತೆ ಇದ್ಯಾಕೆ? ಮುಂದಿನ ತಿಂಗಳು ಪಬ್ಲಿಕ್ ಹಿಯರಿಂಗ್ ಇದೆ. ವಿರೋಧ ಮಾಡ್ಬೇಕಾ, ಒಪ್ಕೋಬೇಕಾ, ಹೋದ್ರೆ ಏನು ಕೇಳ್ಬೇಕು?

ಹಿಲ್ಸ್‌ಬೊರೊದಿಂದ:
ನಮ್ಮೂರೂ ಒರೆಗಾನ್‌ನಲ್ಲೇ, ಇಲ್ಲಿ ಇದು ತುಂಬಾ ವರ್ಷದಿಂದ ಇದೆ ಸರ್, ಯುಟಿಲಿಟಿ ಬಿಲ್‌ನಲ್ಲಿ ಒಂದು ಲೈನ್ ಬರತ್ತೆ, ಕಟ್ತೀವಿ. ಯಾಕೆ ಅಂದ್ರೆ, ಫೆಡರಲ್ ಗ್ಯಾಸ್ ಟ್ಯಾಕ್ಸು ಗ್ಯಾಲನ್‌ಗೆ 18.4 ಸೆಂಟ್, 1993ರಿಂದ ಒಂದು ಸೆಂಟೂ ಏರಿಲ್ಲ, ಅದೂ ಹೆಚ್ಚಾಗಿ ಹೈವೇಗಳಿಗೇ ಹೋಗತ್ತೆ. ನಿಮ್ಮ ಪ್ರಾಪರ್ಟಿ ಟ್ಯಾಕ್ಸ್ ಲೆಕ್ಕ ಹಾಕೋ ಅಸೆಸ್ಡ್ ವ್ಯಾಲ್ಯೂ, ಅಂದ್ರೆ ಟ್ಯಾಕ್ಸಿಗೆ ಅಂತ ಹಿಡಿಯೋ ಮನೆ ಬೆಲೆ, 1997ರ ಮೆಷರ್ 50 ಅನ್ನೋ ಒರೆಗಾನ್ ಕಾನೂನಿನ ಪ್ರಕಾರ ಸಾಮಾನ್ಯವಾಗಿ ವರ್ಷಕ್ಕೆ 3%ಗಿಂತ ಜಾಸ್ತಿ ಏರೋ ಹಾಗಿಲ್ಲ, ಅದರಲ್ಲೂ ಪೊಲೀಸು, ಫೈರು, ಲೈಬ್ರರಿ ಎಲ್ಲ ಪಾಲು ಕೇಳ್ತಾರೆ. ಹಾಗಾಗಿ ಮನೆ ಮುಂದಿನ ಬೀದಿಗೆ ದುಡ್ಡೇ ಉಳಿಯಲ್ಲ. ರಸ್ತೆ ಇನ್ನೂ ಚೆನ್ನಾಗಿದ್ದಾಗಲೇ ಬಿರುಕು ಮುಚ್ಚಿ ಮೇಲೆ ತೆಳ್ಳಗೆ ಡಾಂಬರಿನ ಪದರ (ಸ್ಲರಿ ಸೀಲ್) ಹಾಕಿದ್ರೆ ಕಮ್ಮಿ ಖರ್ಚಲ್ಲಿ ಮುಗಿಯತ್ತೆ, ಬಿಟ್ರೆ ಕೆಳಗಿನ ಪದರ ಹಾಳಾಗಿ ಪೂರ್ತಿ ಕಿತ್ತು ಹಾಕ್ಬೇಕು, ಅದಕ್ಕೆ ಎಷ್ಟೋ ಪಟ್ಟು ಖರ್ಚು, ಅದನ್ನೂ ನಾವೇ ಕೊಡೋದು. ನನ್ನ ಅಭಿಪ್ರಾಯದಲ್ಲಿ ಫೀ ಬೇಡ ಅನ್ಬೇಡಿ. ಹೇಗೆ ಹಂಚ್ತಾರೆ ಅನ್ನೋದನ್ನ ಹಿಡ್ಕೊಳ್ಳಿ.

ಪೋರ್ಟ್‌ಲ್ಯಾಂಡ್ ಹತ್ರ ಅಂಗಡಿ ಇಟ್ಟಿರೋರು:
ಅಂಗಡಿ ವಿಷಯ ನಾನು ಹೇಳ್ತೀನಿ, ಇದನ್ನ ದಯವಿಟ್ಟು ಪೂರ್ತಿ ಓದಿ. ಸುಮಾರು ಊರುಗಳಲ್ಲಿ ಈ ಫೀ ಲೆಕ್ಕ ಹಾಕೋದು ಟ್ರಿಪ್ ಮೇಲೆ, ಅಂದ್ರೆ ಆ ಜಾಗಕ್ಕೆ ದಿನಕ್ಕೆ ಎಷ್ಟು ಸಲ ಗಾಡಿ ಬರತ್ತೆ, ಎಷ್ಟು ಸಲ ಹೋಗತ್ತೆ ಅಂತ, ಬಂದಿದ್ದು ಒಂದು ಟ್ರಿಪ್, ಹೋಗಿದ್ದು ಇನ್ನೊಂದು. ಯಾರೂ ನಿಮ್ಮ ಬಾಗಿಲಲ್ಲಿ ನಿಂತು ಎಣಿಸಲ್ಲ. ಐಟಿಇ ಅಂತ ಟ್ರಾಫಿಕ್ ಎಂಜಿನಿಯರುಗಳ ಸಂಸ್ಥೆ ಇದೆ, ಅವರ ಮ್ಯಾನುಯಲ್‌ನಲ್ಲಿ ಸರಾಸರಿ ಕೊಟ್ಟಿರ್ತಾರೆ, ಒಂಟಿ ಮನೆಗೆ ದಿನಕ್ಕೆ ಒಂಬತ್ತೂವರೆ ಟ್ರಿಪ್ ಹತ್ರ, ಅಪಾರ್ಟ್‌ಮೆಂಟಿಗೆ ಅದಕ್ಕಿಂತ ಕಮ್ಮಿ, ಅಂಗಡಿ ಹೋಟೆಲ್‌ಗಳಿಗೆ ಸಾವಿರ ಸ್ಕ್ವೇರ್ ಫೀಟಿಗೆ ಇಷ್ಟು ಅಂತ. ನಿಮ್ಮನ್ನ ಯಾವ ಗುಂಪಿಗೆ ಹಾಕ್ತಾರೆ ಅನ್ನೋದರ ಮೇಲೇ ಎಲ್ಲ ನಿಂತಿದೆ. ನಮ್ಮೂರಲ್ಲಿ ನಮ್ಮನ್ನ ಕನ್ವೀನಿಯನ್ಸ್ ಸ್ಟೋರ್ ಅಂತ ಹಾಕ್ಬಿಟ್ಟಿದ್ರು, ಅಂದ್ರೆ ಸಿಗರೇಟು ಕಾಫಿಗೆ ನಿಮಿಷಕ್ಕೊಬ್ಬರು ಬಂದು ಹೋಗೋ ಥರ. ನಮ್ಮಲ್ಲಿ ಜನ ವಾರಕ್ಕೊಂದ್ಸಲ ಬಂದು ಅಕ್ಕಿ ಚೀಲ, ತೊಗರಿಬೇಳೆ ಒಟ್ಟಿಗೆ ಒಯ್ಯೋದು, ಜಾಗದಲ್ಲಿ ಅರ್ಧ ಗೋಡೌನ್. ಫ್ಲೋರ್ ಪ್ಲಾನ್ ಸಮೇತ ಲೆಟರ್ ಬರೆದ್ವಿ, ಒಂದಷ್ಟು ಓಡಾಟ ಆಯ್ತು, ಕೊನೆಗೆ ಗುಂಪು ಬದಲಾಯಿಸಿದ್ರು. ಇನ್ನೊಂದು, ಹೇಗೂ ಅದೇ ದಾರೀಲಿ ಹೋಗ್ತಿರೋರು ನಿಮ್ಮಲ್ಲಿ ನಿಂತು ಹೋದ್ರೆ ಅದನ್ನ ಪಾಸ್‌-ಬೈ ಟ್ರಿಪ್ ಅಂತಾರೆ, ಅದು ಹೊಸ ಟ್ರಾಫಿಕ್ ಅಲ್ಲ, ಅದಕ್ಕೆ ರಿಯಾಯಿತಿ ಇದೆಯಾ ಕೇಳಿ. ಒರೆಗಾನ್‌ನದೇ ಇನ್ನೊಂದು ಊರು ಟಿಗಾರ್ಡ್‌ನಲ್ಲಿ 2003ರಲ್ಲಿ ಶುರು ಮಾಡಿದಾಗ ಅಂಗಡಿಗಳಿಗೆ ಪಾರ್ಕಿಂಗ್ ಜಾಗದ ಲೆಕ್ಕದಲ್ಲಿ ಹಾಕಿದ್ರು, ಅಂದ್ರೆ ಟ್ರಿಪ್ ಒಂದೇ ದಾರಿ ಅಂತೇನಿಲ್ಲ.

ಸಣ್ಣ ಅಂಗಡಿಯೋರು ಒಟ್ಟಿಗೆ ಹೋದ್ರೆ ಕೇಳ್ತಾರೆ ಸರ್. ಪೋರ್ಟ್‌ಲ್ಯಾಂಡ್‌ನಲ್ಲಿ 2014ರಲ್ಲಿ ಸ್ಟ್ರೀಟ್ ಫೀ ತರೋಕೆ ಹೋದಾಗ ವ್ಯಾಪಾರಸ್ಥರಿಂದ ಎಷ್ಟು ವಿರೋಧ ಬಂತು ಅಂದ್ರೆ 2015ರ ಜನವರಿಲಿ ಕೈಬಿಟ್ರು, ಆಮೇಲೆ 2016ರಲ್ಲಿ ಓಟಿಗೆ ಹಾಕಿ ಗ್ಯಾಲನ್‌ಗೆ 10 ಸೆಂಟ್ ಲೋಕಲ್ ಗ್ಯಾಸ್ ಟ್ಯಾಕ್ಸ್ ತಂದ್ರು.

ಕಾನ್ಸಾಸ್‌ನಿಂದ:
ಕೋರ್ಟಿಗೆ ಹೋದ್ರ ಹೆಂಗ ಅಂತ ಯಾರರ ಕೇಳೇ ಕೇಳ್ತಾರ, ಅದಕ್ಕ ಬರೀತೀನ್ರಿ. ನಮ್ಮ ಬಾಜೂಕ ಮಿಷನ್ ಅಂತ ಊರೈತಿ, 2010ರಾಗ ಹಿಂಗ ಫೀ ಹಾಕಿದ್ರು, ಮಂದಿ ಅದಕ್ಕ ಡ್ರೈವ್‌ವೇ ಟ್ಯಾಕ್ಸ್ ಅಂತಿದ್ರು. 2017ರಾಗ ಕಾನ್ಸಾಸ್ ಸುಪ್ರೀಂ ಕೋರ್ಟು ಇದು ಫೀ ಅಲ್ಲ, ಎಕ್ಸೈಸ್ ಟ್ಯಾಕ್ಸು, ಅಂಥ ತೆರಿಗಿ ಊರಿನವ್ರು ಹಾಕಂಗಿಲ್ಲ ಅಂತು. ವಿಸ್ಕಾನ್ಸಿನ್‌ದಾಗ ಬ್ಯುಕ್ಯಾನನ್ ಟೌನಿಗೂ 2023ರಾಗ ಹಂಗ ಆತು. ಆದ್ರ ಕೊಲೊರಾಡೊದಾಗ ಫೋರ್ಟ್ ಕಾಲಿನ್ಸ್ ಹಾಕಿದ್ದ ಫೀಯನ್ನ ಅಲ್ಲಿ ಸುಪ್ರೀಂ ಕೋರ್ಟು 1989ರಾಗ ಒಪ್ಕೊಂತು, ಮಿಕ್ಕಿದ ರೊಕ್ಕ ಬ್ಯಾರೆ ಕೆಲಸಕ್ಕ ತಿರುಗಿಸೋದು ಮಾತ್ರ ಬ್ಯಾಡ ಅಂತು. ನಿಮ್ಮ ಒರೆಗಾನ್‌ದಾಗ ಎಷ್ಟೋ ಊರು ವರ್ಷಗಟ್ಟಲೆ ಇದನ್ನ ನಡಸ್ಕೊಂತ ಬಂದಾವ, ಕೇಸ್ ನಂಬಿ ಕೂಡಬ್ಯಾಡ್ರಿ. ಆದ್ರ ಆ ಫೋರ್ಟ್ ಕಾಲಿನ್ಸ್ ಮಾತು ಹಿಡೀರಿ, ರಸ್ತೆ ರೊಕ್ಕ ರಸ್ತೆಗೇ ಅಂತ ಊರಿನ ಕಾನೂನು, ಅಂದ್ರ ಆರ್ಡಿನೆನ್ಸ್‌ನ್ಯಾಗ ಬರಸ್ರಿ. ಬಾಯಿಮಾತು ನಡಿಯಂಗಿಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ನಮ್ಮ ಪಕ್ಕದ ಮನೆ ಅಜ್ಜಿಗೆ ಕಾರೇ ಇಲ್ಲ, ಅವರೂ ಕಟ್ಬೇಕಾ?

ಆಸ್ಟಿನ್‌ನಿಂದ:
ನಮ್ಮ ಟೆಕ್ಸಸ್ ಊರಲ್ಲೂ ಇಂಥ ಫೀ ಇದೆ, 65 ತುಂಬಿದವರಿಗೆ, ಗಾಡಿ ಇಲ್ಲದವರಿಗೆ ವಿನಾಯಿತಿ ಇದೆ. ಆದ್ರೆ ತಾನಾಗೇ ಸಿಗಲ್ಲ, ಅವರೇ ಅರ್ಜಿ ಹಾಕ್ಬೇಕು, ಗೊತ್ತಿಲ್ಲದೆ ಕಟ್ತಾ ಇರೋ ಹಿರಿಯರು ಇರ್ತಾರೆ, ನೋಡಿದ್ರೆ ಬೇಜಾರಾಗತ್ತೆ. ನಿಮ್ಮ ಹಿಯರಿಂಗ್‌ನಲ್ಲಿ ಅಂಥದ್ದೊಂದು ನಿಯಮ ಸೇರಿಸಿ ಅಂತ ಕೇಳಿ, ಫಾರಂನ ಬಿಲ್ ಜೊತೆಗೇ ಕಳಿಸಿ ಅಂತಾನೂ ಕೇಳಿ.

ಹಿಲ್ಸ್‌ಬೊರೊದಿಂದ:
ಬಾಡಿಗೆ ಮನೆಯವರದೂ ನೋಡಿ, ನೀರಿನ ಅಕೌಂಟ್ ಯಾರ ಹೆಸರಲ್ಲಿದೆಯೋ ಸಾಮಾನ್ಯವಾಗಿ ಅವರಿಗೇ ಬಿಲ್ ಹೋಗತ್ತೆ. ಇನ್ನೊಂದು ಕಡೆ, ಪ್ರಾಪರ್ಟಿ ಟ್ಯಾಕ್ಸ್ ಕಟ್ಟದ ಆಸ್ಪತ್ರೆ, ಚರ್ಚು, ನಮ್ಮ ದೇವಸ್ಥಾನಗಳೂ ಫೀ ಅಂದ್ರೆ ಸಾಮಾನ್ಯವಾಗಿ ಕೊಡ್ಬೇಕಾಗತ್ತೆ, ಅವರ ಗಾಡಿಗಳೂ ಅದೇ ರಸ್ತೆ ಮೇಲೇ ಓಡಾಡೋದು, ನನಗಿದು ನ್ಯಾಯ ಅನ್ಸತ್ತೆ. ಹಿಯರಿಂಗ್‌ಗೆ ಮುಂಚೆ ಸಿಟಿಯವರ ಹತ್ರ ಪೇವ್‌ಮೆಂಟ್ ಕಂಡಿಷನ್ ರಿಪೋರ್ಟ್, ಅಂದ್ರೆ ರಸ್ತೆಗಳು ಯಾವ ಸ್ಥಿತೀಲಿವೆ ಅನ್ನೋ ವರದಿ, ಇಸ್ಕೊಳ್ಳಿ, ಪ್ರತಿ ರಸ್ತೆಗೂ 0ಯಿಂದ 100ರ ಒಳಗೆ ಅಂಕ ಕೊಟ್ಟಿರ್ತಾರೆ. ಯಾವ ಬೀದಿ ಯಾವ ವರ್ಷ ಮಾಡ್ತೀರಿ, ಫೀ ವರ್ಷ ವರ್ಷ ತಾನಾಗೇ ಏರತ್ತಾ ಅಥವಾ ಪ್ರತಿ ಸಲ ಕೌನ್ಸಿಲ್‌ನಲ್ಲಿ ಓಟ್ ಆಗ್ಬೇಕಾ, ಈ ಎರಡನ್ನ ಬರವಣಿಗೆಯಲ್ಲಿ ಕೇಳಿ. ಅಂಗಡಿ ಖಾಲಿ ಬಿದ್ದಾಗ ಫೀ ನಿಲ್ಲತ್ತಾ ಅಂತಾನೂ ಕೇಳಿ, ಅದು ಒಂದೊಂದು ಊರಲ್ಲಿ ಒಂದೊಂದು ಥರ ಇರತ್ತೆ.