ರೂನಿ ಹೆಸರಲ್ಲಿ ನಮ್ಮನೆ ಜಗಳ

ಡೊಂಬಿವಲಿ ದೊಡ್ಡಪ್ಪ ಬೆಳಿಗ್ಗೆ ಏಳಕ್ಕೇ ಮನೆ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ವೇಯ್ನ್ ರೂನಿಯ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ, "ಆಟಗಾರನ ಕೈಗೆ ತಂಡ ಕೊಟ್ಟರು, ಡರ್ಬಿ ಮುಳುಗಿತು. ಎಲ್ಲರಿಗೂ ಕಳಿಸಿ."

ಈ ಡರ್ಬಿ ಇಂಗ್ಲೆಂಡಿನ ಒಂದು ಫುಟ್‌ಬಾಲ್ ಕ್ಲಬ್; ದೊಡ್ಡಪ್ಪನಿಗೆ ಡರ್ಬಿ ಅಂದರೆ ಕುದುರೆ ರೇಸು. ಆದರೆ ಸಂಘದ ಕ್ರಿಕೆಟ್ ತಂಡಕ್ಕೆ ಈ ವರ್ಷ ನೆರೂಳ್ ಚಿಕ್ಕಪ್ಪನೇ ಕ್ಯಾಪ್ಟನ್, ಅವರೇ ಮ್ಯಾನೇಜರ್. ಆ ಕುರ್ಚಿ ಮೊದಲು ದೊಡ್ಡಪ್ಪನದು.

ಚಿಕ್ಕಪ್ಪ: ಅಣ್ಣಾ, ಇದು ನನಗೇ ಅಲ್ವಾ?

ದೊಡ್ಡಪ್ಪ: ಸುಮ್ನೆ ಹಾಕಿದೆ. ಆಡುವವನು ಆಡಬೇಕು, ಆಡಿಸುವವನು ಆಡಿಸಬೇಕು. ಎರಡೂ ನನಗೇ ಅಂದರೆ ಹೀಗೇ.

ಪುಣೆ ಅಕ್ಕ: ಯಾರು ಬರೆದದ್ದು ದೊಡ್ಡಪ್ಪ? ಮೂಲ ಎಲ್ಲಿ?

ದೊಡ್ಡಪ್ಪ: ಋಷಿಮೂಲ, ನದಿಮೂಲ ಕೇಳಬಾರದು ಮಗಳೇ.

ಅಕ್ಕ: ಫಾರ್ವರ್ಡ್ ಮೂಲ ಕೇಳಬಹುದು.

ಅಷ್ಟರಲ್ಲಿ ಮಡಗಾಂವ್ ಭಾವ ಎದ್ದರು. ಅವರು ಎದ್ದರೆ ವಿಷಯ ಅವರೂರಿನ ಫುಟ್‌ಬಾಲ್ ಮೈದಾನ ಫಾತೋರ್ಡಾಕ್ಕೇ ಹೋಗುತ್ತದೆ.

ಭಾವ: ದೊಡ್ಡ ಮಾವ ಹೇಳಿದ್ದು ಸರಿ. 2015ರಲ್ಲಿ ಫ್ರಾನ್ಸಿನ ಅನೆಲ್ಕಾ ಮುಂಬೈ ಸಿಟಿ ಫುಟ್‌ಬಾಲ್ ತಂಡಕ್ಕೆ ಆಟಗಾರನೂ ಹೌದು, ಮ್ಯಾನೇಜರೂ ಹೌದು. ಫಾತೋರ್ಡಾದಲ್ಲಿ ನಮ್ಮ ಗೋವಾ 7–0! ಡುಡು ಮೂರು ಗೋಲು, ಹಾವೊಕಿಪ್ ಮೂರು. ಅಮ್ಮ ಗೋಳಿಬಜೆ ಕಟ್ಟಿಕೊಟ್ಟಿದ್ದಳು. ಗೇಟಿನಲ್ಲಿ ಒಳಗೆ ಬಿಡಲಿಲ್ಲ, ಅಲ್ಲೇ ನಿಂತು ತಿಂದೆವು.

ಚಿಕ್ಕಪ್ಪ: ಅದೇ ವರ್ಷ ಇಲ್ಲಿ ಡಿ. ವೈ. ಪಾಟೀಲ್‌ನಲ್ಲಿ ಮುಂಬೈ ಸಿಟಿಯ ಛೆಟ್ರಿ ಹ್ಯಾಟ್ರಿಕ್ ಹೊಡೆದ. ಐಎಸ್‌ಎಲ್ ಫುಟ್‌ಬಾಲ್ ಲೀಗಿನಲ್ಲಿ ಭಾರತೀಯನ ಮೊದಲ ಹ್ಯಾಟ್ರಿಕ್. ಆಗಲೂ ಮ್ಯಾನೇಜರ್ ಅನೆಲ್ಕಾನೇ. ಅದನ್ನು ಯಾಕೆ ಹೇಳಲ್ಲ?

ಅತ್ತೆ: ಗೋಳಿಬಜೆ ಅಲ್ಲ, ಅಂಬೊಡೆ.

ಅಕ್ಕ ಆಮೇಲೆ ಉದ್ದಕ್ಕೆ ಬರೆದಳು. ರೂನಿ 2020ರಲ್ಲಿ ಡರ್ಬಿಗೆ ಬಂದದ್ದು ಆಡಲು, ಜೊತೆಗೆ ಕೋಚಿಂಗ್‌ಗೆ. 2021ರ ಜನವರಿಯಲ್ಲಿ ಪೂರ್ತಿ ಮ್ಯಾನೇಜರ್ ಆದ, ಆಟ ಬಿಟ್ಟ. ಆ ಸೀಸನ್ನಿನ ಕೊನೇ ದಿನ ತಂಡ ಕೆಳಗಿನ ಲೀಗಿಗೆ ಬೀಳದೆ ಹೇಗೋ ಬಚಾವಾಯಿತು. ಮುಂದಿನ ಸೀಸನ್ನಿನಲ್ಲಿ ಸಾಲ ತೀರಿಸಲಾಗದೆ ಕ್ಲಬ್ ಆಡಳಿತಗಾರರ ಕೈಗೆ ಹೋಯಿತು, ಅದಕ್ಕೆ 12 ಅಂಕ ಕಟ್. ಲೆಕ್ಕಪತ್ರದ ತಪ್ಪಿಗೆ ಇನ್ನೂ 9. ಮೈದಾನದಲ್ಲಿ ಗಳಿಸಿದ್ದು 55, ಕೈಗೆ ಉಳಿದದ್ದು 34. 55 ಇದ್ದಿದ್ದರೆ ಆರಾಮಾಗಿ ಉಳಿಯುತ್ತಿತ್ತು.

ರೂನಿ ದೊಡ್ಡ ಮ್ಯಾನೇಜರ್ ಅಂತ ನಾನೂ ಹೇಳುವುದಿಲ್ಲ. ಬರ್ಮಿಂಗ್‌ಹ್ಯಾಮ್ ಕ್ಲಬ್ಬಿನವರು 15 ಪಂದ್ಯಕ್ಕೇ ಮನೆಗೆ ಕಳಿಸಿದರು. ಆದರೆ ಡರ್ಬಿಯ ಪಾಪ ಅವನ ತಲೆಗೆ ಕಟ್ಟುವುದು ಅನ್ಯಾಯ. ಹೀಗಂತ ಟೈಪ್ ಮಾಡುತ್ತಿದ್ದೆ. ಆಗಲೇ ಗುಂಪು ಮುಂದೆ ಹೋಗಿತ್ತು.

ಚಿಕ್ಕಪ್ಪ: ನೀವು ಕ್ಯಾಪ್ಟನ್ ಇದ್ದಾಗ ಓಪನಿಂಗ್ ಯಾರು ಅಣ್ಣಾ? ನೀವೇ. ನನ್ನನ್ನು ಹನ್ನೊಂದನೆಯವನಾಗಿ ಕಳಿಸಿದ್ದು ಯಾರು?

ದೊಡ್ಡಪ್ಪ: ನಿನ್ನ ಬ್ಯಾಟಿಂಗ್.

ಭಾವ ಇದಕ್ಕೆ ನಗುವ ಮುಖ ಹಾಕಿದರು. ಅತ್ತೆ ತೆಗೆಸಿದರು.

ಚಿಕ್ಕಪ್ಪ: ಲೆಕ್ಕಪತ್ರ ಅಂದಳಲ್ಲ ಪುಟ್ಟಿ. ಜೆರ್ಸಿಗೆ ಅಂತ ಎಲ್ಲರಿಂದ ಎತ್ತಿದ ದುಡ್ಡಿನ ಲೆಕ್ಕ ಇನ್ನೂ ಬಂದಿಲ್ಲ.

ಅಕ್ಕ: ನಾನು ಡರ್ಬಿ ಬಗ್ಗೆ ಹೇಳಿದ್ದು ಚಿಕ್ಕಪ್ಪಾ!

ದೊಡ್ಡಪ್ಪ: ರಸೀದಿ ಇದೆ. ಡೊಂಬಿವಲಿಗೆ ಬಂದು ನೋಡು.

ಚಿಕ್ಕಪ್ಪ: ಮೂಲ ಕೇಳಬಾರದು ಅಂದ್ರಿ?