ಕೊಂಡವನ ಮೇಲೇ ಜಿನ್‌ಗೆ ಪ್ರೀತಿ: ಓದೋರು ಒಪ್ತಾರಾ?

ಹೊಸಕಥೆ:
ಹದಿಹರೆಯದವರಿಗಾಗಿ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ನಾಯಕಿ ಜಿನ್, ಅಂದರೆ ಅರಬ್ ಕಥೆಗಳಲ್ಲಿ ಬರುವ ಮಾಯಾಶಕ್ತಿಯ ಜೀವಿ. ಅವಳನ್ನು ಸೀಸೆಯಲ್ಲಿ ಬಂಧಿಸಿ ಮಾರಿದ್ದಾರೆ. ಕೊಂಡವನು ಹತ್ತೊಂಬತ್ತರ ಹುಡುಗ, ನೋಡೋಕೆ ಚೆನ್ನಾಗಿದ್ದಾನೆ, ಮನಸ್ಸೂ ಕೆಟ್ಟದ್ದಲ್ಲ, ಆದರೆ ಅವನು ಕರೆದರೆ ಅವಳು ಬರಲೇಬೇಕು, ಹೇಳಿದ್ದು ಮಾಡಲೇಬೇಕು. ಅರ್ಧ ಕಥೆ ಆಗುವ ಹೊತ್ತಿಗೆ ಇಬ್ಬರಿಗೂ ಪ್ರೀತಿ ಹುಟ್ಟುತ್ತೆ, ಕೊನೇ ಅಧ್ಯಾಯದಲ್ಲಿ ಅವನು ಅವಳನ್ನು ಬಿಡುಗಡೆ ಮಾಡುತ್ತಾನೆ. ಓದಿದ ಗೆಳತಿ "ಇದು ಪ್ರೀತಿ ಅಲ್ಲ, ಯಜಮಾನಿಕೆ" ಅಂದುಬಿಟ್ಟಳು. ಬಂಧನವನ್ನೇ ತೆಗೆದರೆ ಕಥೆ ಎಲ್ಲಿ ಉಳಿಯುತ್ತೆ? ಇನ್ನೊಂದು, ಜಿನ್ ಯಜಮಾನನಿಗೆ ಮೂರೇ ವರ ಕೊಡೋದು ಅನ್ನೋ ನಿಯಮ ಇರಲೇಬೇಕಾ?

ರಾತ್ರಿಓದು:
ಗೆಳತಿ ಹೇಳಿದ್ದು ಸರಿ. ಬಂಧನ ಇರಲಿ, ಬಿಡುಗಡೆಯನ್ನು ಕೊನೆಯಿಂದ ಎತ್ತಿ ನಡುವಿಗೆ ತನ್ನಿ. ಬೇಡ ಅನ್ನೋ ಹಕ್ಕೇ ಇಲ್ಲದವಳು ಹೂಂ ಅಂದರೆ ಅದಕ್ಕೇನು ಬೆಲೆ? ಮುತ್ತಿನ ದೃಶ್ಯ ಸೀಸೆ ಒಡೆದ ಮೇಲೇ ಬರಲಿ. ಒಡೆದ ಕೂಡಲೇ ಅವಳು ಥ್ಯಾಂಕ್ಸ್ ಕೂಡ ಹೇಳದೆ ಹೊರಟುಹೋಗಲಿ, ಒಂದೆರಡು ಅಧ್ಯಾಯ ಪತ್ತೆಯೇ ಇಲ್ಲದಿರಲಿ. ಆಮೇಲೆ ಅವಳಾಗಿ ಬಂದರೆ ಓದೋರು ನಂಬುತ್ತಾರೆ.

ಹಳೇಪುಸ್ತಕ:
ಮೂರು ವರ ಬಿಟ್ಟುಬಿಡಿ. ಅಲ್ಲಾದೀನನ ಹಳೇ ಕಥೆಯಲ್ಲಿ ಆ ಲೆಕ್ಕವೇ ಇಲ್ಲ, ದೀಪ ಕೈಲಿದ್ದವರು ಎಷ್ಟು ಸಲ ಬೇಕಾದರೂ ಕೇಳಬಹುದು. (ಅಂದಹಾಗೆ ಅದು ಅರೇಬಿಯನ್ ನೈಟ್ಸ್‌ನ ಹಳೇ ಹಸ್ತಪ್ರತಿಗಳಲ್ಲಿ ಇಲ್ಲ, ಅದನ್ನು ಫ್ರೆಂಚ್‌ಗೆ ಅನುವಾದಿಸಿದ ಆಂತ್ವಾನ್ ಗಲಾಂ 1709ರಲ್ಲಿ ಸಿರಿಯಾದ ಅಲೆಪ್ಪೊ ಊರಿನ ಕಥೆಗಾರ ಹನ್ನಾ ದಿಯಾಬ್ ಹೇಳಿದ್ದನ್ನು ಕೇಳಿ ಸೇರಿಸಿದ್ದು.) ನನಗೆ ಮೈ ಜುಮ್ಮೆನ್ನೋದು ಬೇರೆ ಜಾಗದಲ್ಲಿ. ರಾತ್ರೋರಾತ್ರಿ ಅಲ್ಲಾದೀನನಿಗೆ ಅರಮನೆ ಕಟ್ಟಿಕೊಟ್ಟ ಜಿನ್, ದೀಪ ಅವನ ಶತ್ರು ಮಾಂತ್ರಿಕನ ಕೈ ಸೇರಿದಾಗ ಅದೇ ಅರಮನೆಯನ್ನು ಎತ್ತಿ ಆಫ್ರಿಕಾಕ್ಕೆ ಒಯ್ಯುತ್ತೆ. ನಿನಗೆ ಯಾರು ಇಷ್ಟ ಅಂತ ಅದನ್ನು ಯಾರೂ ಕೇಳಲ್ಲ. ನಿಮ್ಮ ಹುಡುಗ ಒಳ್ಳೆಯವನಾದರೆ ಏನಾಯ್ತು, ನಾಳೆ ಸೀಸೆ ಕಳುವಾದರೆ?

ಮತ್ತೆ ಅವಳಿಗೆ ಕೋಪ ಇರಲಿ ಮಾರಾಯ್ರೆ. ಅರೇಬಿಯನ್ ನೈಟ್ಸ್‌ನಲ್ಲೇ ಬರುವ, ಪಾತ್ರೆಯೊಳಗೆ ಬಂಧಿಯಾಗಿ ಬೆಸ್ತನ ಬಲೆಗೆ ಸಿಕ್ಕ ಜಿನ್ ನೆನಪಿದೆಯಲ್ಲ? ಬಿಡಿಸಿದವರಿಗೆ ಸಿರಿ ಕೊಡ್ತೀನಿ ಅಂತ ಆಣೆ ಇಟ್ಟಿದ್ದ, ನೂರಾರು ವರ್ಷ ಯಾರೂ ಬರದೆ ಕೊನೆಗೆ ಬಿಡಿಸಿದವನನ್ನೇ ಕೊಲ್ಲೋಕೆ ನಿಂತ.

ಕಿಡಿ:
ಕುರಾನ್‌ನ 34ನೇ ಸೂರಾ (ಅಧ್ಯಾಯ) ನೋಡಿ. ಪ್ರವಾದಿಯೂ ರಾಜನೂ ಆದ ಸುಲೈಮಾನರ (ಸೊಲೊಮನ್) ಅಪ್ಪಣೆಯಂತೆ ಜಿನ್‌ಗಳು ಕಟ್ಟಡ, ದೊಡ್ಡ ದೊಡ್ಡ ಪಾತ್ರೆ ಎಲ್ಲ ಮಾಡುತ್ತಿರುತ್ತವೆ. ಅವರು ಊರುಗೋಲಿಗೆ ಒರಗಿದ್ದ ಹಾಗೇ ತೀರಿಕೊಂಡಿದ್ದಾರೆ, ಇವಕ್ಕೆ ಗೊತ್ತೇ ಇಲ್ಲ, ದುಡೀತಾನೇ ಇವೆ. ಹುಳ ಕೋಲನ್ನು ತಿಂದು ದೇಹ ಕೆಳಗೆ ಬಿದ್ದಾಗಲೇ ತಿಳಿಯೋದು. ನಿಮ್ಮ ನಾಯಕಿಯ ಬಂಧನವೂ ಎಂದೋ ಮುಗಿದಿದ್ದು, ಹುಡುಗನಿಗೆ ಅದು ಗೊತ್ತಿದ್ದೂ ಬಾಯಿ ಬಿಡದಿದ್ದರೆ?

ಇನ್ನೂ ಒಂದು. ಜಿನ್‌ಗಳು ಹೊಗೆಯಿಲ್ಲದ ಬೆಂಕಿಯಿಂದ ಆದವರು, ಅವರಲ್ಲೂ ನಂಬುವವರು, ನಂಬದವರು ಇದ್ದಾರೆ. ಅವಳಿಗೆ ಅಣ್ಣ, ತಂಗಿ, ತನ್ನವರು ಅಂತ ಯಾರಾದರೂ ಇರಲಿ. ಹುಡುಗ ಬಿಟ್ಟರೆ ಅವಳಿಗೆ ಬೇರೆ ಲೋಕವೇ ಇಲ್ಲ ಅನ್ನೋ ಥರ ಬರೀಬೇಡಿ.

ಹೊಸಕಥೆ:
ಅಯ್ಯೋ, ಗೊತ್ತಿದ್ದೂ ಹೇಳದಿದ್ದರೆ ಅವನು ನಾಯಕನಾಗಿ ಉಳಿಯಲ್ಲ ಅಲ್ವಾ?

ಕಿಡಿ:
ಉಳಿಯಬೇಕು ಅಂತ ಯಾರು ಹೇಳಿದ್ದು? ಬೇರೆಲ್ಲೋ ಸೆರೆಯಾದ ತನ್ನ ತಂಗಿಯನ್ನು ಬಿಡಿಸೋಕೆ ಹೊರಟ ಇನ್ನೊಬ್ಬ ಜಿನ್ ಹುಡುಗನನ್ನು ತನ್ನಿ.

ರಾತ್ರಿಓದು:
ಬೇಡಪ್ಪಾ, ತ್ರಿಕೋನ ಪ್ರೇಮ ಸಾಕಾಗಿದೆ.